ಕೈ ಹಾಕುವ ಮುಂಚೆ ಅಳ್ಳೆ ನೋಡಿ

ಕಿಟಕಿಯಾಚೆ ಹೊಂಗೆಮರದ ಕೆಳಗೆ ಒಂದು ಎಚ್.ಎಫ್. ಹಸು, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯದ್ದು, ಮಲಗಿದೆ. ಸಂಘದ ಪಕ್ಕದ ಮನೆಯವರದಂತೆ. ನಾನು ಪಶುವೈದ್ಯ, ಇವತ್ತಿನ ಮಾತು ಪ್ರಾಣಿಯ ಉಸಿರು ನೋಡುವುದು ಹೇಗೆ ಅಂತ. ವಿಷಯಕ್ಕೆ ಬರುವ ಮುಂಚೆ ನೀವೆಲ್ಲ ಆ ಹಸುವನ್ನು ಒಂದು ನಿಮಿಷ ನೋಡಬೇಕು. ಮುಖ ಅಲ್ಲ, ಕೆಚ್ಚಲೂ ಅಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಒಂದು ತಗ್ಗು ಇದೆಯಲ್ವಾ, ಅಳ್ಳೆ. ಅದು ಏಳುತ್ತದೆ, ಇಳಿಯುತ್ತದೆ. ಎದ್ದು ಇಳಿದರೆ ಒಂದು ಉಸಿರು. ಎಣಿಸಿ.

ಯಾರೋ 24 ಅಂದರು. ಆ ಮೂಲೆಯಿಂದ 48 ಬಂತು. ಮುಂದೆ ಕೂತ ಅಕ್ಕ 31 ಅನ್ನುತ್ತಿದ್ದಾರೆ. ಹಸು ಒಂದೇ, ನಿಮಿಷವೂ ಒಂದೇ! 48 ಅಂದವರು ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಎಣಿಸಿದ್ದಾರೆ. ಅರ್ಧ ಮಾಡಿದರೆ ಸರಿಹೋಗುತ್ತದೆ. ಅಕ್ಕ, ನೀವು ನೊಣ ಕೂತಾಗ ಚರ್ಮ ನಡುಗಿಸಿದ್ದನ್ನೂ ಲೆಕ್ಕಕ್ಕೆ ಸೇರಿಸಿದ್ದೀರಿ ಅಂತ ಕಾಣುತ್ತದೆ. ಬೇಜಾರಾಗಬೇಡಿ, ಕಾಲೇಜಿನಲ್ಲಿ ಮೊದಲ ಸಲ ನಾನೂ ಅದನ್ನೇ ಮಾಡಿದ್ದೆ.

ಎಡ ಅಳ್ಳೆಯಲ್ಲಿ ಇನ್ನೊಂದು ತೊಡಕಿದೆ. ಹಸುವಿನ ದೊಡ್ಡ ಹೊಟ್ಟೆ ಎಡಗಡೆಗೇ ಇರುವುದು. ಅದು ನಿಮಿಷಕ್ಕೆ ಒಂದೆರಡು ಸಲ ಮೇವನ್ನು ಕಲಸುತ್ತದೆ. ಆಗ ಅಳ್ಳೆ ನಿಧಾನವಾಗಿ ಉಬ್ಬಿ ಇಳಿಯುತ್ತದೆ. ಅದು ಉಸಿರಲ್ಲ. ಅದಕ್ಕೇ ಹಸುವಿನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ, ಸ್ವಲ್ಪ ಬಲಕ್ಕೆ ನಿಂತು ಬಲ ಅಳ್ಳೆ ನೋಡಿ. ತೀರಾ ಹತ್ತಿರ ಹೋದರೆ ಅದು ಎದ್ದು ನಿಲ್ಲುತ್ತದೆ. ಎದ್ದರೆ ಉಸಿರು ಏರುತ್ತದೆ, ನಿಮ್ಮ ಲೆಕ್ಕ ಕೆಡುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಸಾಕು.

ತಂಪು ಹೊತ್ತಿನಲ್ಲಿ ಮಲಗಿ ಮೆಲುಕು ಹಾಕುವ ದೊಡ್ಡ ಹಸು ಸಾಮಾನ್ಯವಾಗಿ ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಕರುವಿಗೆ ಇನ್ನೂ ಜಾಸ್ತಿ. ಕುರಿ ಮೇಕೆಗಳದ್ದೂ ಹೆಚ್ಚು ಕಮ್ಮಿ ಹಸುವಿನ ಲೆಕ್ಕವೇ. ಕುದುರೆ ನಿಧಾನ, 8ರಿಂದ 16. ಮಲಗಿ ನಿದ್ದೆ ಮಾಡುವ ನಾಯಿ 30 ದಾಟಬಾರದು. ಇವನ್ನು ಬರೆದುಕೊಳ್ಳದಿದ್ದರೂ ಪರವಾಗಿಲ್ಲ. ನಿಮ್ಮ ಹಸುವಿನ ನಂಬರ್ ಬರೆದುಕೊಳ್ಳಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಲ್ಲಿ ಬರೆದರೂ ಆಯಿತು.

ಯಾಕೆ ಅಂದರೆ, ರಾತ್ರಿ ಹತ್ತು ಗಂಟೆಗೆ ಫೋನ್ ಬರುತ್ತದೆ. "ಡಾಕ್ಟ್ರೇ, ಹಸು ಉಸಿರಾಟ ಜೋರಾಗೈತೆ." ಎಷ್ಟಿದೆ ಅಂತ ಕೇಳುತ್ತೇನೆ. "ಬಾಳ ಜೋರು." ಜೋರು ಅನ್ನುವುದು ನಂಬರಲ್ಲ. 40 ಇದ್ದರೆ ಬೆಳಿಗ್ಗೆ ಬರುತ್ತೇನೆ, 90 ಇದ್ದರೆ ಈಗಲೇ ಬೈಕ್ ತೆಗೆಯಬೇಕು. ಈಗ ಎಲ್ಲರೂ ವಿಡಿಯೊ ಕಳಿಸುತ್ತಾರೆ, ಒಳ್ಳೆಯದೇ. ಆದರೆ ಬರುವ ವಿಡಿಯೊ ಎಲ್ಲಾ ಮುಖದ್ದೇ, ಮದುವೆ ಫೋಟೊ ತೆಗೆದ ಹಾಗೆ. ನನಗೆ ಮುಖ ಬೇಡ. ಅಳ್ಳೆಯದು ಅರ್ಧ ನಿಮಿಷ, ಕೈ ಅಲುಗಾಡಿಸದೆ ತೆಗೆದು ಕಳಿಸಿ.

ನಂಬರ್ ಗೊತ್ತಿದ್ದರೆ ಸುಮ್ನೆ ಗಾಬರಿಯಾಗುವುದೂ ತಪ್ಪುತ್ತದೆ. ಕಾಲುಬಾಯಿ ಜ್ವರದಿಂದ ಎದ್ದ ಕೆಲವು ಹಸುಗಳಿಗೆ ಆಮೇಲೂ ಬಿಸಿಲು ಆಗಿಬರುವುದಿಲ್ಲ. ಮೈಕೂದಲು ಉದ್ದ ಬೆಳೆದಿರುತ್ತದೆ, ಬಿಸಿಲೇರಿದರೆ ಅಳ್ಳೆ ಹೊಡೆದುಕೊಳ್ಳುತ್ತಾ ನಿಂತಿರುತ್ತವೆ. ಅಂಥ ಹಸುವಿಗೆ ಮಧ್ಯಾಹ್ನ 70 ಬಂದರೆ ನೆರಳು, ನೀರು ಸಾಕು. ಅದೇ 70 ನಿಮ್ಮ ಹಳ್ಳಿಕಾರ್ ಎತ್ತಿಗೆ ಬೆಳಗಿನ ಜಾವ ಬಂದರೆ ಅದು ಬೇರೆ ಮಾತು. ಇನ್ನು ಹಸು ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ, ಕತ್ತು ಮುಂದಕ್ಕೆ ಚಾಚಿ ಉಸಿರೆಳೆಯುತ್ತಿದ್ದರೆ ಎಣಿಸುತ್ತಾ ನಿಲ್ಲಬೇಡಿ, ಮೊದಲು ಫೋನ್ ಮಾಡಿ. 1962 ಗೊತ್ತಲ್ವಾ? ಪಶು ಆಂಬುಲೆನ್ಸ್ ನಂಬರ್.

ಈಗ ಬಿದ್ದ ಪ್ರಾಣಿಯ ವಿಷಯಕ್ಕೆ ಬರೋಣ. ಹಸು ಬಿದ್ದಿದೆ, ಅಲುಗಾಡುತ್ತಿಲ್ಲ. ನಿಮ್ಮ ಮೊದಲ ಕೆಲಸ ಓಡುವುದಲ್ಲ, ನಿಲ್ಲುವುದು. ಅದು ಯಾಕೆ ಬಿತ್ತು? ಪಂಪ್‌ಸೆಟ್ಟಿನ ವೈರು ಪಕ್ಕದಲ್ಲಿದೆಯಾ? ಕಂಬದ ತಂತಿ ಹರಿದಿದೆಯಾ? ಒದ್ದೆ ನೆಲದಲ್ಲಿ ಕರೆಂಟು ಹೊಡೆದ ಹಸುವನ್ನು ಹಿಡಿಯಲು ಹೋಗಿ ಯಜಮಾನನೂ ಹೋಗಿಬಿಟ್ಟದ್ದನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಮನೆಯ ಲೈನಾದರೆ ಮೇನ್ ಸ್ವಿಚ್ ತೆಗೆಯಿರಿ. ಕಂಬದ ತಂತಿಯಾದರೆ ಲೈನ್‌ಮನ್ ಬರುವವರೆಗೂ ದೂರ ಇರಿ. ಕೋಲು ಹಿಡಿದು ತಂತಿ ಸರಿಸುವ ಸಾಹಸ ಬೇಡ.

ಎರಡನೆಯದು ಇನ್ನೂ ಮುಖ್ಯ. ಇದು ನನ್ನದೇ ತಪ್ಪು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನೌಕರಿಗೆ ಸೇರಿದ ಹೊಸತು, ಹಲಸಿನ ಕಾಲ. ಒಂದು ಹಸು ಜೊಲ್ಲು ಸುರಿಸುತ್ತಾ, ಕತ್ತು ಚಾಚಿ, ನುಂಗಲಾಗದೆ ಒದ್ದಾಡುತ್ತಿತ್ತು. ಯಜಮಾನರು "ಹಲಸಿನ ದಿಂಡು ಸಿಕ್ಕಾಕ್ಕೊಂಡೈತೆ ಸಾರ್" ಅಂದರು. ಅವರು ಆಗಲೇ ಎರಡು ಸಲ ಗಂಟಲಿಗೆ ಕೈ ಹಾಕಿ ನೋಡಿದ್ದರು. ನಾನೂ ತೋಳು ಮಡಿಸಿ ಹಾಕಿದೆ. ಏನೂ ಸಿಗಲಿಲ್ಲ. ಅಷ್ಟರಲ್ಲಿ ಹಸು ಕೂಗಿತು. ಹಸುವಿನ ಕೂಗಲ್ಲ ಅದು, ಒಡೆದ ಗಂಟಲಿನ ಕೂಗು. ಆಗ ನನ್ನ ಬೆನ್ನು ತಣ್ಣಗಾಯಿತು. ತಿಂಗಳ ಹಿಂದೆ ನಾಯಿ ಏನಾದರೂ ಕಚ್ಚಿತ್ತಾ ಅಂತ ಕೇಳಿದೆ. "ಹೂಂ, ಬೀದಿನಾಯಿ, ಮೂತಿಗೆ." ಮೂರನೇ ದಿನ ಹಸು ಸತ್ತಿತು. ರೇಬಿಸ್. ನಾನು, ಯಜಮಾನರು, ಅವರ ಮಗ, ಮೂವರೂ ಸೂಜಿ ಚುಚ್ಚಿಸಿಕೊಂಡೆವು.

ಹಾಗಾಗಿ ಉಸಿರು ಕಟ್ಟಿದ ಹಾಗೆ ಕಾಣುವ, ಜೊಲ್ಲು ಸುರಿಸುವ ಯಾವ ಪ್ರಾಣಿಯ ಬಾಯಿಗೂ ಕೈ ಹಾಕುವ ಮುಂಚೆ ನಾಯಿ ಕಚ್ಚಿತ್ತಾ ಅಂತ ಮನೆಯವರನ್ನು ಕೇಳಿ. ಹಸುವಾಗಲಿ, ನಾಯಿಯಾಗಲಿ, ದವಡೆ ಜೋತುಬಿದ್ದಿದ್ದರೆ, ದನಿ ಬದಲಾಗಿದ್ದರೆ ಮುಟ್ಟಲೇಬೇಡಿ. ಆಗಲೇ ಮುಟ್ಟಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ಅಲ್ಲ.

ಸರಿ, ಕರೆಂಟಿಲ್ಲ, ರೇಬಿಸ್ ಅನುಮಾನವೂ ಇಲ್ಲ. ಹತ್ತಿರ ಹೋದಿರಿ. ಉಸಿರಿದೆಯಾ? ಅಳ್ಳೆ ನೋಡಿ, ಎದೆ ನೋಡಿ, 10 ಸೆಕೆಂಡು. ಅಷ್ಟರಲ್ಲಿ ಹಸು ಮೂರು ಸಲವಾದರೂ ಉಸಿರಾಡಬೇಕು. ಕಾಣದಿದ್ದರೆ ಮೂಗಿನ ಹೊಳ್ಳೆಯ ಮುಂದೆ ನಿಮ್ಮ ಕೈಯ ಹಿಂಭಾಗ ಹಿಡಿಯಿರಿ. ಅಂಗೈ ಗಟ್ಟಿಯಾಗಿ ಹೋಗಿರುತ್ತದೆ, ಹಾಲು ಕರೆಯುವ ಕೈಗೆ ಬಿಸಿಗಾಳಿ ಗೊತ್ತಾಗುವುದಿಲ್ಲ. ಹಿಂಭಾಗಕ್ಕೆ ಗೊತ್ತಾಗುತ್ತದೆ.

ಕನ್ನಡಿ ಹಿಡಿಯಿರಿ, ಸ್ಟೀಲ್ ಲೋಟ ಹಿಡಿಯಿರಿ, ಮಂಜಾದರೆ ಉಸಿರಿದೆ ಅಂತ ಹೇಳುವವರಿದ್ದಾರೆ. ಮಲೆನಾಡಿನ ಚಳಿ ಬೆಳಗಿಗೆ ಸರಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಲೋಟವೇ ಉಸಿರಿಗಿಂತ ಬಿಸಿಯಾಗಿರುತ್ತದೆ, ಎಲ್ಲಿಂದ ಮಂಜಾಗಬೇಕು? ಜೇಬಿನಿಂದ ತೆಗೆದ ಮೊಬೈಲಿನದೂ ಅದೇ ಕತೆ. ನಾನು ಹೇಳುವುದು ಹತ್ತಿಯ ಎಳೆ. ಇಲ್ಲದಿದ್ದರೆ ಸೆರಗಿನ ಅಂಚಿನ ಒಂದು ದಾರ. ಹೊಳ್ಳೆಯ ಮುಂದೆ ತೂಗುಬಿಡಿ, ಗಾಳಿಗೆ ನಿಮ್ಮ ಬೆನ್ನು ಕೊಟ್ಟು ಅಡ್ಡ ಕೂತುಕೊಳ್ಳಿ. ದಾರ ಒಳಕ್ಕೂ ಹೊರಕ್ಕೂ ತೂಗಿದರೆ ಉಸಿರು. ಒಂದೇ ಕಡೆಗೆ ಹಾರಿದರೆ ಗಾಳಿ.

ಬಾಗಲಕೋಟೆ ಕಡೆ ಒಂದು ಮುಧೋಳ ನಾಯಿ, ಬೇಸಿಗೆ ಮಧ್ಯಾಹ್ನ ಮೊಲದ ಹಿಂದೆ ಓಡಿ ಬಂದು ಅಂಗಳದಲ್ಲಿ ಬಿದ್ದಿತ್ತು. ಸತ್ತಿದೆ ಅಂತ ಮೇಲೆ ಗೋಣಿಚೀಲ ಹೊದಿಸಿದ್ದರು. ನಾನು ಬೇರೆ ಕೆಲಸಕ್ಕೆ ಆ ಮನೆಗೆ ಹೋದವನು. ಕಾಫಿ ಲೋಟ ಕೈಯಲ್ಲಿತ್ತು. ಚೀಲದ ಅಂಚಿನ ಒಂದು ನಾರು ಅಲುಗಾಡುತ್ತಿತ್ತು, ಗಾಳಿಯೇ ಇರಲಿಲ್ಲ. ಚೀಲ ತೆಗೆದರೆ ಒಸಡು ಇಟ್ಟಿಗೆಯಷ್ಟು ಕೆಂಪು, ಉಸಿರು ಮೇಲುಮೇಲೆ. ತೊಟ್ಟಿ ನೀರು ತಂದು ಮೈಮೇಲೆ ಸುರಿದು, ಬೀಸಣಿಗೆ ಹಾಕಿ, ಮೈ ತಣಿಸಿದ ಮೇಲೆಯೇ ಗಾಡಿಗೆ ಹಾಕಿದ್ದು. ಬಿಸಿಲು ಬಡಿದ ನಾಯಿಗೆ ಮೊದಲು ನೀರು, ಆಮೇಲೆ ಆಸ್ಪತ್ರೆ. ಆ ನಾಯಿ ಬದುಕಿತು. ಹೊದಿಸಿದ್ದು ದಪ್ಪ ಕಂಬಳಿಯಾಗಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಹೃದಯ ನಿಂತ ಮೇಲೂ ಪ್ರಾಣಿ ಒಮ್ಮೊಮ್ಮೆ ಬಾಯಿ ದೊಡ್ಡದಾಗಿ ತೆರೆದು ಗಕ್ ಅಂತ ಒಂದು ಸಲ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮನೆಯವರು "ಉಸಿರಾಡ್ತಿದೆ, ಉಸಿರಾಡ್ತಿದೆ" ಅಂತ ಕಾಯುತ್ತಾ ಕೂರುತ್ತಾರೆ. ಅದು ಉಸಿರಾಟವಲ್ಲ. ಲಯ ಇಲ್ಲದ, ಪ್ರಜ್ಞೆ ಇಲ್ಲದ ಆ ಎಳೆತವನ್ನು ಉಸಿರು ನಿಂತಿದೆ ಅಂತಲೇ ಲೆಕ್ಕ ಹಿಡಿಯಬೇಕು.

ಒಸಡಿನ ಬಣ್ಣವನ್ನೂ ನೋಡಿ. ಗುಲಾಬಿ ಇದ್ದರೆ ಒಳ್ಳೆಯದು. ನೀಲಿ ಅಂದರೆ ಗಾಳಿ ಸಾಲುತ್ತಿಲ್ಲ. ಬೆಳ್ಳಗಿದ್ದರೆ ರಕ್ತ ಹೋಗಿದೆ ಅಥವಾ ಓಡಾಡುತ್ತಿಲ್ಲ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಕರೀ ಒಸಡಿನ ಹಸು, ಎಮ್ಮೆಗಳಿಗೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಒಂದು ಕಡೆ ಮಾತ್ರ ಈ ಲೆಕ್ಕ ಮೋಸ ಮಾಡುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಅಥವಾ ಕೂಳೆ ಚಿಗುರು ಮೇಯ್ದ ಹಸು ಏದುಸಿರು ಬಿಟ್ಟು ಬೀಳುತ್ತದೆ, ಒಸಡು ನೋಡಿದರೆ ಚೆಂದ ಕೆಂಪು! ಸೈನೈಡ್ ವಿಷ ಅದು. ರಕ್ತದಲ್ಲಿ ಆಮ್ಲಜನಕ ತುಂಬಿದೆ, ಮೈಗೆ ಬಳಸಿಕೊಳ್ಳಲು ಆಗುತ್ತಿಲ್ಲ. ಅದಕ್ಕೆ ಇಂಜೆಕ್ಷನ್ ಇದೆ, ಸಮಯ ಇರುವುದಿಲ್ಲ. ಫೋನಿನಲ್ಲಿ "ಜೋಳ ಮೇಯ್ದಿತ್ತು" ಅನ್ನುವ ಎರಡು ಮಾತು ಮೊದಲು ಹೇಳಿ.

ಉಸಿರಿದೆ, ಆದರೆ ಕಷ್ಟಪಡುತ್ತಿದೆ ಅಂದರೆ ದೊಡ್ಡ ಹಸುವಿಗೆ ನೀವು ಮಾಡಬಹುದಾದದ್ದು ಒಂದೇ, ಸರಿಯಾಗಿ ಕೂರಿಸುವುದು. ಪಕ್ಕಕ್ಕೆ ಚಪ್ಪಟೆಯಾಗಿ ಬಿದ್ದ ಹಸು ತೇಗಲಾರದು. ತೇಗದಿದ್ದರೆ ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ಉಬ್ಬಿದ ಹೊಟ್ಟೆ ಮುಂದಕ್ಕೆ ಒತ್ತಿ ಶ್ವಾಸಕೋಶಕ್ಕೆ ಜಾಗವೇ ಇಲ್ಲದ ಹಾಗೆ ಮಾಡುತ್ತದೆ. ಕಾಯಿಲೆಯಿಂದ ಬಿದ್ದ ಹಸು ಕೊನೆಗೆ ಈ ಉಬ್ಬರದಿಂದ ಸತ್ತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಾಲ್ಕು ಜನ ಸೇರಿ ಎದೆಯ ಮೇಲೆ ಕೂರಿಸಿ. ಎರಡೂ ಪಕ್ಕಕ್ಕೆ ಮಣ್ಣು ತುಂಬಿದ ಚೀಲವೋ ಹುಲ್ಲಿನ ಪಿಂಡಿಯೋ ಒತ್ತುಕೊಡಿ. ಇಳಿಜಾರಿದ್ದರೆ ತಲೆ ಮೇಲ್ಗಡೆ ಇರಲಿ. ಮೂಗುದಾರ, ಕೊರಳ ಹಗ್ಗ ಸಡಿಲಿಸಿ.

ಮತ್ತೆ ಆ ಗೊಟ್ಟ, ಮದ್ದು ಕುಡಿಸುವ ಕೊಳವೆ. ದಯವಿಟ್ಟು! ಹಸು ಏದುಸಿರು ಬಿಡುತ್ತಿದೆ ಅಂದ ಕೂಡಲೇ ಯಾರೋ ಒಬ್ಬರು ಗೊಟ್ಟ ತರುತ್ತಾರೆ, ತಲೆ ಮೇಲೆತ್ತಿ, ನಾಲಿಗೆ ಹೊರಗೆಳೆದು ಕಷಾಯ ಹುಯ್ಯುತ್ತಾರೆ. ನಾಲಿಗೆ ಹಿಡಿದರೆ ನುಂಗುವುದು ಹೇಗೆ? ಅದು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಕರು ಹಾಕಿ ಒಂದೆರಡು ದಿನಕ್ಕೆ ಹಾಲುಜ್ವರ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ, ಬಂದು ಕತ್ತು ಪಕ್ಕೆಗೆ ತಿರುಗಿಸಿ ಮಲಗಿದ ಹಸುವಿಗೆ ನುಂಗುವ ಶಕ್ತಿಯೇ ಇರುವುದಿಲ್ಲ. ಅದಕ್ಕೆ ಗೊಟ್ಟ ಹಾಕಿದರೆ, ಒಂದು ಬಾಟಲ್ ಕ್ಯಾಲ್ಸಿಯಂಗೆ ಎದ್ದು ನಿಲ್ಲಬೇಕಾದ ಹಸು ನ್ಯುಮೋನಿಯಾದಲ್ಲಿ ಹೋಗುತ್ತದೆ. ಉಸಿರು ಸರಿ ಇಲ್ಲದ ಪ್ರಾಣಿಗೆ ಬಾಯಿಂದ ಏನೂ ಬೇಡ. ನೀರೂ ಬೇಡ.

ಹಿಂದಿನ ಸಾಲಿನ ಹುಡುಗರು ನಾಯಿ ಸಾಕಿದವರು ಅಂತ ಕಾಣುತ್ತದೆ, ಮೊಬೈಲಿನಲ್ಲಿ ತೋರಿಸಿಕೊಳ್ಳುತ್ತಿದ್ದೀರಿ. ನಾಯಿ ಬೆಕ್ಕುಗಳ ಉಸಿರು, ಹೃದಯ ನಿಂತರೆ ಏನು ಮಾಡಬೇಕು ಅಂತ ಪಶುವೈದ್ಯ ತಜ್ಞರು ಕೂತು 2012ರಲ್ಲಿ ರಿಕವರ್ ಅನ್ನುವ ಹೆಸರಿನಲ್ಲಿ ನಿಯಮ ಬರೆದರು. 2024ರಲ್ಲಿ ತಿದ್ದಿದರು. ನಾಯಿಯನ್ನು ಪಕ್ಕಕ್ಕೆ ಮಲಗಿಸಿ ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಎದೆಯ ಅಗಲದ ಮೂರನೇ ಒಂದು ಭಾಗವಾದರೂ ಒಳಕ್ಕೆ ಹೋಗಬೇಕು, ಪ್ರತಿ ಸಲ ಪೂರ್ತಿ ಬಿಡಬೇಕು. 30 ಒತ್ತಿದ ಮೇಲೆ ಬಾಯಿ ಮುಚ್ಚಿ ಹಿಡಿದು ಮೂಗಿಗೆ ಎರಡು ಸಲ ಊದುವುದು, ಎದೆ ಏರುವಷ್ಟು ಮಾತ್ರ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಕೈ ಸೋತುಹೋಗುತ್ತದೆ.

ಎಲ್ಲಿ ಒತ್ತಬೇಕು ಅನ್ನುವುದು ಎದೆಯ ಆಕಾರದ ಮೇಲೆ. ಮುಧೋಳ ನಾಯಿಯ ಎದೆ ದೋಣಿಯ ತಳದ ಹಾಗೆ, ಆಳ ಜಾಸ್ತಿ, ಅಗಲ ಕಮ್ಮಿ. ಅದಕ್ಕೆ ಮೊಣಕೈ ಹಿಂದೆ, ನೇರ ಹೃದಯದ ಮೇಲೆ ಒತ್ತಬೇಕು. ಲ್ಯಾಬ್ರಡಾರ್‌ದು ಪೀಪಾಯಿ, ಮಲಗಿಸಿದಾಗ ಎದೆ ಎಲ್ಲಿ ಅತಿ ಎತ್ತರ ಇದೆಯೋ ಅಲ್ಲಿ. ಬುಲ್‌ಡಾಗ್ ಮಾತ್ರ ಬೆನ್ನ ಮೇಲೆ, ಮನುಷ್ಯರ ಹಾಗೆ. ಬೆಕ್ಕಿಗೆ ಒಂದೇ ಕೈ ಸಾಕು, ಎದೆಯನ್ನು ಎರಡೂ ಕಡೆಯಿಂದ ಹಿಡಿದು ಹಿಚುಕುವುದು. ಗೊತ್ತಿಲ್ಲದ ಬೀದಿನಾಯಿಗೆ, ವಿಷ ತಿಂದ ನಾಯಿಗೆ ಊದಬೇಡಿ, ಒತ್ತುವುದಷ್ಟೇ ಮಾಡಿ. ಹೃದಯ ನಿಂತ ಮೇಲೆ ಬದುಕಿ ಮನೆಗೆ ಹೋಗುವುದು ಎಲ್ಲಾ ಸೌಕರ್ಯ ಇರುವ ಆಸ್ಪತ್ರೆಯಲ್ಲೂ ಹತ್ತರಲ್ಲಿ ಒಂದಕ್ಕಿಂತ ಕಮ್ಮಿ. ಆಸೆ ಹುಟ್ಟಿಸಿ ಸುಳ್ಳು ಹೇಳಲಾರೆ.

ಹುಟ್ಟಿದ ಕರುವಿನ ಕತೆ ಹಾಗಲ್ಲ, ಅಲ್ಲಿ ನಿಮ್ಮ ಕೈಯಲ್ಲೇ ತುಂಬ ಇದೆ. ಕಷ್ಟಪಟ್ಟು ಎಳೆದ ಕರು ನೆಲಕ್ಕೆ ಬಿತ್ತು, ಸುಮ್ಮನಿದೆ. ಎಡ ಮೊಣಕೈ ಹಿಂದೆ ಬೆರಳಿಡಿ. ಹೃದಯ ಡಬಡಬ ಹೊಡೆದುಕೊಳ್ಳುತ್ತಿದ್ದರೆ ಕರು ಇನ್ನೂ ನಿಮ್ಮದೇ. ಮೂಗು, ಬಾಯಿಯ ಲೋಳೆಯನ್ನು ಬೆರಳಿನಿಂದ ಬಳಿದು ತೆಗೆಯಿರಿ, ಕೈಗೆ ಗ್ಲೌಸ್ ಇರಲಿ. ಆಮೇಲೆ ಒಂದು ಒಣ ಹುಲ್ಲುಕಡ್ಡಿ ತೆಗೆದುಕೊಂಡು ಮೂಗಿನ ಹೊಳ್ಳೆಯೊಳಗೆ ಕಚಗುಳಿ ಇಡಿ. ಸೀನಬೇಕು, ತಲೆ ಕೊಡವಬೇಕು. ತಲೆ ಮೇಲೆ ಒಂದು ಚೊಂಬು ತಣ್ಣೀರು ರಪ್ ಅಂತ ಹಾಕಿ, ಕಿವಿಗೆ ಬಿದ್ದರೆ ಇನ್ನೂ ಒಳ್ಳೆಯದು. ಬೆಚ್ಚಿಬಿದ್ದು ಎಳೆದುಕೊಳ್ಳುವ ಆ ಮೊದಲ ಉಸಿರೇ ನಮಗೆ ಬೇಕಾಗಿರುವುದು. ಗೋಣಿಚೀಲದಿಂದ ಬೆನ್ನು, ಪಕ್ಕೆ ಗಸಗಸ ಉಜ್ಜಿ. ತಾಯಿ ನೆಕ್ಕುವುದೂ ಅದಕ್ಕೇ ಅಲ್ವಾ? ಎದೆಯ ಮೇಲೆ ಕೂರಿಸಿ, ಹಿಂಗಾಲು ಎರಡನ್ನೂ ಮುಂದಕ್ಕೆ ಎಳೆದು ಅತ್ತ ಇತ್ತ ಇಡಿ, ಕಪ್ಪೆ ಕೂತ ಹಾಗೆ. ಎರಡೂ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ.

ಗೌಡ್ರು ಕೈ ಎತ್ತಿದರು. "ನಾವು ಹಿಂಗಾಲು ಹಿಡಿದು ತಲೆಕೆಳಗಾಗಿ ನೇತುಹಾಕಿ ಬೀಸ್ತೀವಲ್ಲ ಡಾಕ್ಟ್ರೇ, ನೀರು ಸುರೀತದೆ." ಸುರಿಯುತ್ತದೆ, ಸುಳ್ಳಲ್ಲ. ಆದರೆ ಸುರಿಯುವುದರಲ್ಲಿ ಹೆಚ್ಚಿನದು ಹೊಟ್ಟೆಯ ನೀರು, ಶ್ವಾಸಕೋಶದ್ದಲ್ಲ. ನೇತುಹಾಕಿದಷ್ಟು ಹೊತ್ತೂ ಕರುಳು, ಹೊಟ್ಟೆ ಎಲ್ಲಾ ಎದೆಯ ಮೇಲೆ ಕೂತಿರುತ್ತದೆ. ಮೊದಲ ಉಸಿರಿಗೆ ಒದ್ದಾಡುವ ಕೂಸಿನ ಎದೆ ಮೇಲೆ ನೀವೇ ಮೂಟೆ ಇಟ್ಟ ಹಾಗೆ. ಬೇಡ ಅಂತಲೇ ನನ್ನ ಸಲಹೆ. ಕರುವಿನ ಮೂತಿಗೆ ಬಾಯಿಟ್ಟು ಊದುವುದೂ ಬೇಡ. ಕಂದು ಹಾಕುವ ರೋಗ, ಬ್ರುಸೆಲ್ಲೋಸಿಸ್, ಆ ಲೋಳೆಯಿಂದಲೇ ಮನುಷ್ಯರಿಗೆ ಬರುತ್ತದೆ. ತಿಂಗಳುಗಟ್ಟಲೆ ಜ್ವರ, ಕೀಲುನೋವು. ನಮ್ಮ ಕಸುಬಿನವರಲ್ಲಿ ಎಷ್ಟೋ ಜನ ಅನುಭವಿಸಿದ್ದಾರೆ.

ಬೆಕ್ಕಿನ ಬಗ್ಗೆ ಚೀಟಿ ಬಂದಿದೆ. ನಾಯಿ ಬಾಯಿ ತೆರೆದು ಏದುವುದು ಮಾಮೂಲು, ಬೆಕ್ಕು ಹಾಗೆ ಮಾಡಿದರೆ ಅವಸರ ಅಂತ ತಿಳಿಯಿರಿ. ಅಪ್ಪಿ ಮುದ್ದು ಮಾಡಬೇಡಿ, ಹೆದರಿದರೆ ಅದಕ್ಕೆ ಇನ್ನೂ ಗಾಳಿ ಬೇಕಾಗುತ್ತದೆ. ತೂತಿರುವ ಡಬ್ಬದಲ್ಲಿಟ್ಟು ಸುಮ್ಮನೆ ಕರೆದುಕೊಂಡು ಹೋಗಿ.

ಇನ್ನೊಂದು, ಹಾವು ಕಚ್ಚಿದರೆ ಅಂತ ಕೇಳಿದ್ದಾರೆ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಓಡಾಡಿಸಬೇಡಿ. ಗಾಡಿ ಬರುವವರೆಗೆ ಐದು ನಿಮಿಷಕ್ಕೊಮ್ಮೆ ಉಸಿರು ಎಣಿಸಿ. ಉಸಿರು ಏರಿದರೆ ಎಲ್ಲರಿಗೂ ಗಾಬರಿ. ಇಳಿದರೆ "ಈಗ ಸಮಾಧಾನವಾಯ್ತು" ಅನ್ನುತ್ತಾರೆ. ನಾಗರಹಾವು, ಕಟ್ಟುಹಾವಿನ ವಿಷ ಉಸಿರಾಡಿಸುವ ಮಾಂಸಖಂಡವನ್ನೇ ಸೋಲಿಸುತ್ತದೆ. ಆಗ ಉಸಿರು ಇಳಿಯುವುದು, ಎದೆ ಏಳದೆ ಹೊಟ್ಟೆ ಮಾತ್ರ ಅಲುಗಾಡುವುದು, ಇದೇ ಕೆಟ್ಟ ಲಕ್ಷಣ.

ಒಂದು ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗ, ಅವನ ನಾಯಿ ಬಣವೆ ಹತ್ತಿರ ಬಿದ್ದಿತ್ತು. ನಾನು ಫೋನಿನಲ್ಲಿ ಹೇಳಿದ್ದೆ ಅಂತ ಬಾಗಿಲ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಕೂತಿದ್ದ. 28, 26, 20, 14. ನಾನು ಗಾಡಿ ಇಳಿಯುವಾಗ ಕೊನೆಯದನ್ನು ಬರೆಯುತ್ತಿದ್ದ, 11. ಹಾವು ಯಾವುದು ಅಂತ ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಾನೂ ಕೇಳಲಿಲ್ಲ, ಕಂಬ ನೋಡಿ ಹಾವಿನ ವಿಷದ ಮದ್ದಿನ ಬಾಟಲಿನ ಮುಚ್ಚಳ ತೆಗೆದೆ.